ಥಂಡಿ ಸಾಬರು ಮುಚ್ಚಿಟ್ಟ ದೀಪ

ಹೋದ ತಿಂಗಳು ಚಳ್ಳಕೆರೆಗೆ ಹೋದಾಗ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವರ ಅಂಗಡಿ ಮುಚ್ಚಿತ್ತು. ಎಪ್ಪತ್ತು ದಾಟಿದವರ ಅಂಗಡಿ ವಾರದ ನಡುವೆ ಮುಚ್ಚಿದ್ದರೆ ಮನಸ್ಸು ಒಳ್ಳೆಯದನ್ನು ಯೋಚಿಸುವುದಿಲ್ಲ. ಪಕ್ಕದ ಟೀ ಅಂಗಡಿಯವನು ನನ್ನ ಮುಖ ನೋಡಿಯೇ ಅರ್ಥ ಮಾಡಿಕೊಂಡ. "ಹೆದರ್ಬ್ಯಾಡ್ರಿ ಮೇಷ್ಟ್ರೇ, ಗಟ್ಟಿಯಾಗವ್ರೆ. ಇನ್ನು ಸಾಕು ಅಂತ ಅಂಗಡಿ ಬಿಟ್ಟು ಮಗಳ ಮನೇಗೆ ಹೋದ್ರು. ಅಲ್ಲಿ ಅವಳ ಕೂಲರ್ ಬಿಚ್ಚಿಕೊಂಡು ಕೂತವ್ರಂತೆ" ಎಂದ. ಹೋದ ಜೀವ ಬಂದಂತಾಯಿತು. ಅಲ್ಲೇ ಬೆಂಚಿನ ಮೇಲೆ ಕೂತು ಟೀ ಕುಡಿದೆ. ಸತ್ತ ಮೇಲೆ ಹೊಗಳುವುದು ನಮ್ಮ ಜನಕ್ಕೆ ಸಲೀಸು. ಬದುಕಿರುವಾಗಲೇ ಇವರ ಬಗ್ಗೆ ನಾಲ್ಕು ಮಾತು ಬರೆದಿಡಬೇಕು ಎಂದು ಆಗಲೇ ಅನಿಸಿದ್ದು.

ಅವರಿಗೆ ಒಳ್ಳೆಯದೊಂದು ಹೆಸರಿತ್ತು, ಅಂಗಡಿಯ ಬೋರ್ಡಿನ ಮೇಲೂ ಬರೆಸಿದ್ದರು. ಆದರೆ ಊರು ಆ ಬೋರ್ಡನ್ನು ಓದುವ ಕಷ್ಟಕ್ಕೆ ಹೋಗಲಿಲ್ಲ. ಫ್ರಿಜ್ಜು, ಕೂಲರ್, ಏಸಿ ರಿಪೇರಿ ಮಾಡುವವರು ಎಂದು 'ಥಂಡಿ ಸಾಬರು' ಅಂದುಬಿಟ್ಟಿತು. ನಾನು ಭಾಯಿ ಎನ್ನುತ್ತಿದ್ದೆ. ಹರೆಯದಲ್ಲಿ ಹತ್ತು ವರ್ಷ ಕೊಲ್ಲಿ ದೇಶದಲ್ಲಿ ದುಡಿದು, ಅಲ್ಲಿನ ದೊಡ್ಡ ದೊಡ್ಡ ಕಟ್ಟಡಗಳ ಏಸಿ ಪೈಪುಗಳ ಒಳಗೆ ತೆವಳಿ ಕೆಲಸ ಕಲಿತು, ತೊಂಬತ್ತರ ದಶಕದ ನಡುವೆ ಊರಿಗೆ ಮರಳಿದ್ದರು. ಆಗ ಚಳ್ಳಕೆರೆಯಲ್ಲಿ ಏಸಿ ಇದ್ದ ಮನೆಗಳನ್ನು ಬೆರಳೆಣಿಕೆಯಲ್ಲಿ ಮುಗಿಸಬಹುದಿತ್ತು. "ಎಣ್ಣೆ ಮಿಲ್ಲಿನ ಊರಾಗೆ ಏಸಿ ಅಂಗಡಿ ಇಟ್ಟೀರಲ್ಲ ಭಾಯಿ, ನೊಣ ಹೊಡೀತೀರೇನು?" ಎಂದು ನಾನೊಮ್ಮೆ ಕಿಚಾಯಿಸಿದ್ದೆ. "ಬಿಸಿಲು ಐತಲ್ರಿ, ಅದು ನನ್ನ ಪಾರ್ಟ್‌ನರ್ರು" ಎಂದಿದ್ದರು.

ಯಂತ್ರದ ಹತ್ತಿರ ಬಂದರೆ ಮೊದಲು ಸ್ಕ್ರೂಡ್ರೈವರ್ ತೆಗೆಯುತ್ತಿರಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು, ಕೈ ತೊಳೆದು, ಏಸಿಯ ಮೂತಿಗೆ ಮೂಗು ಹಚ್ಚಿ ಕಣ್ಣು ಮುಚ್ಚುತ್ತಿದ್ದರು. ನನ್ನ ಹೆಂಡತಿ ಮೊದಲ ಸಲ ಅದನ್ನು ನೋಡಿ ಸೆರಗು ಬಾಯಿಗಿಟ್ಟುಕೊಂಡು ಅಡುಗೆಮನೆಗೆ ಓಡಿದ್ದಳು. ಮೂಸಿ ಆದಮೇಲೆ ತೀರ್ಪು ಬರುತ್ತಿತ್ತು: "ಇಲಿ ಸತ್ತೈತೆ", "ವೈರು ಕಾದೈತೆ", "ಏನೂ ಆಗಿಲ್ಲ, ನಿಮ್ಮ ಮನೆಯೋರು ಮಾಡಿದ ಒಗ್ಗರಣೆ ಒಳಗೆ ಕೂತೈತೆ." ಬಿಚ್ಚಿದ ಒಂದೊಂದು ಸ್ಕ್ರೂವನ್ನೂ ಕರ್ಚೀಫಿನಲ್ಲಿ ಗಂಟು ಕಟ್ಟಿ ಜೇಬಿಗೆ ಹಾಕುತ್ತಿದ್ದರು. ಕೆಲಸ ಮುಗಿಯುವ ತನಕ ಒಂದು ಲೋಟ ನೀರೂ ಮುಟ್ಟುತ್ತಿರಲಿಲ್ಲ. ಮುಗಿದ ಮೇಲೆ ಮಾತ್ರ ಟೀ ಹಿಡಿದು, ಯಂತ್ರದ ಎದುರು ಸುಮ್ಮನೆ ಕೂರುತ್ತಿದ್ದರು. ಏನು ಮಾಡುತ್ತಿದ್ದೀರಿ ಎಂದರೆ, "ಜೊತೇಲಿ ಸ್ವಲ್ಪ ಹೊತ್ತು ಕೂತ್ರೆ ಅದೇ ಹೇಳ್ತೈತ್ರಿ" ಎನ್ನುವರು.

ನಾನು ಆಗ ಅಲ್ಲಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ನನ್ನೊಡನೆ ವಾದಕ್ಕೆ ಇಳಿಯುವುದೆಂದರೆ ಅವರಿಗೆ ಖುಷಿ. ಒಮ್ಮೆ, "ಈ ಮಷೀನ್ ಥಂಡಿ ಮಾಡ್ತೈತೆ ಅಂತ ಜನ ಅಂತಾರೆ. ಯಾವ ಮಷೀನೂ ಥಂಡಿ ಮಾಡಲ್ಲ ಮೇಷ್ಟ್ರೇ. ಒಳಗಿನ ಬಿಸಿ ಹೊತ್ಕೊಂಡೋಗಿ ಹೊರಗೆ ಹಾಕ್ತೈತೆ, ಅಷ್ಟೇ. ಹಮಾಲಿ ಕೆಲಸ" ಎಂದರು. ಮರುದಿನ ನಾನು ಒಂಬತ್ತನೇ ತರಗತಿಯಲ್ಲಿ ಅದನ್ನೇ ಹೇಳಿದೆ. ಇಪ್ಪತ್ತು ವರ್ಷ ಪಾಠ ಮಾಡಿದ್ದರೂ ಅಷ್ಟು ಸರಳವಾಗಿ ನನ್ನ ಬಾಯಿಂದ ಅದು ಬಂದಿರಲಿಲ್ಲ.

ನಮ್ಮ ಮನೆಗೆ ಏಸಿ ಬಂದದ್ದು ಅವ್ವನ ದೆಸೆಯಿಂದ. ಅವ್ವನ ತವರು ಮೊಳಕಾಲ್ಮೂರು. ಅವಳ ತಮ್ಮ, ನನ್ನ ಸೋದರಮಾವ, ಅಲ್ಲಿ ರೇಷ್ಮೆ ಸೀರೆಯ ವ್ಯಾಪಾರಿ. ಅವ್ವನಿಗೆ ಉಬ್ಬಸ. ಬೇಸಿಗೆಯಲ್ಲಿ ಕಿಟಕಿ ತೆರೆದರೆ ಮಿಲ್ಲುಗಳ ಕಡೆಯಿಂದ ಶೇಂಗಾ ಸಿಪ್ಪೆಯ ಧೂಳು, ಮುಚ್ಚಿದರೆ ಸೆಖೆ. ಮಾವ ತನ್ನ ಅಂಗಡಿಗೆ ಹೊಸ ಏಸಿ ತಂದಾಗ ಹಳೆಯದನ್ನು ಅಕ್ಕನಿಗೆ ಕೊಟ್ಟ. ಕಿಟಕಿಯಲ್ಲಿ ಕೂರಿಸುವಂಥದ್ದು, ಭಾರವೆಂದರೆ ಭಾರ.

ಅದನ್ನು ತರಲು ಭಾಯಿ ನನ್ನ ಜೊತೆ ಮೊಳಕಾಲ್ಮೂರಿಗೆ ಬಂದರು. ಖಾಸಗಿ ಬಸ್ಸಿನ ಕಂಡಕ್ಟರು ಅದನ್ನು ಟಾಪಿನ ಮೇಲೆ ಹಾಕಿ ಎಂದ. ಮೇಲೆ ಹಾಕಿದರೆ ಮಲಗಿಸಿಯೇ ಕಟ್ಟಬೇಕು. ಭಾಯಿ ಒಪ್ಪಲಿಲ್ಲ. "ಮಲಗಿಸಿದ್ರೆ ಕಂಪ್ರೆಸರ್ ಎಣ್ಣೆ ತಲೆಗೇರ್ತೈತಪ್ಪ. ಕೂರಿಸ್ಕೊಂಡೇ ಹೋಗ್ಬೇಕು" ಎಂದು ಅದಕ್ಕೊಂದು ಟಿಕೆಟ್ ತೆಗೆಸಿ, ಸೀಟಿನ ಮೇಲೆ ಕೂರಿಸಿ, ಹೆಗಲ ಮೇಲೆ ಕೈ ಹಾಕಿದಂತೆ ಹಿಡಿದು ಕೂತರು. ಮುಂದಿನ ಸೀಟಿನ ಮುದುಕಿಯೊಬ್ಬಳು ತಿರುಗಿ, "ಪೆಟ್ಟೆಲೋ ಏಮುಂದಿ ಸಾಯಿಬು?" ಎಂದಳು. ಪೆಟ್ಟಿಗೆಯಲ್ಲಿ ಏನಿದೆ ಎಂದು ಅವಳ ಪ್ರಶ್ನೆ. ಭಾಯಿ ಗಂಭೀರವಾಗಿ, "ಚಲಿಕಾಲಂ ಉಂದಿ ಅವ್ವಾ" ಎಂದರು. ಚಳಿಗಾಲ ಇದೆಯಂತೆ. ಬಸ್ಸಿಗೆ ಬಸ್ಸೇ ನಕ್ಕಿತು. ಕಂಡಕ್ಟರು ಚಳ್ಳಕೆರೆಯಲ್ಲಿ ತಾನೇ ಒಂದು ಕಡೆ ಹಿಡಿದು ಇಳಿಸಿದ.

ಎರಡು ಬೇಸಿಗೆ ಏಸಿ ಚೆನ್ನಾಗಿ ನಡೆಯಿತು. ಮೂರನೆಯದಕ್ಕೆ ಅದನ್ನು ಹಾಕಿದಾಗಲೆಲ್ಲ ಅವ್ವನಿಗೆ ಕೆಮ್ಮು. ಭಾಯಿ ಬಂದು ಮೂಸಿ, "ಪಾಚಿ" ಎಂದರು. ಬೂಸ್ಟಿಗೂ ಅವರು ಪಾಚಿ ಎಂದೇ ಅನ್ನುವುದು. ಮುಂದಿನ ಜಾಲರಿ ತೆಗೆದು ಟಾರ್ಚು ಬಿಟ್ಟು ನನ್ನನ್ನು ಕರೆದರು. ಒಳಗೆ ಗಾಳಿ ತಂಪಾಗುವ ಕಡೆ ಸಾಲು ಸಾಲು ತೆಳು ಪಟ್ಟಿಗಳಿರುತ್ತವಲ್ಲ, ಅವುಗಳ ನಡುವೆ ಕಪ್ಪಗೆ ಏನೋ ಬೆಳೆದಿತ್ತು. "ತಂಪಿಗೆ ನೀರು ಇಳೀತೈತೆ, ಅದಕ್ಕೆ ಶೇಂಗಾ ಧೂಳು ಅಂಟ್ತೈತೆ. ನೀರು, ಗೊಬ್ಬರ, ಕತ್ತಲೆ. ಇನ್ನೇನು ಬೇಕು ಬೆಳೆಯಾಕೆ? ಅವ್ವಾರು ಕುಡೀತಿರೋ ಹವಾ ಇದರ ಮೇಲಿಂದ ಬರ್ತೈತೆ" ಎಂದರು. ತೊಳೆದು ಕೊಟ್ಟರು. ತಿಂಗಳಿಗೆ ಮತ್ತೆ ಅದೇ.

ಆಗ ಅವರು ಒಂದು ಟ್ಯೂಬು ತರಿಸಿದರು. ಮೊಳದುದ್ದವೂ ಇರಲಿಲ್ಲ. ಮಾಮೂಲು ಟ್ಯೂಬ್‌ಲೈಟಿನ ಒಳಗಿರುವ ಬಿಳಿ ಬಣ್ಣ ಇಲ್ಲದೆ ಪಾರದರ್ಶಕವಾಗಿತ್ತು. ಕೊಲ್ಲಿ ದೇಶದಲ್ಲಿ ದೊಡ್ಡ ಏಸಿಗಳ ಒಳಗೆ ಇಂಥವನ್ನು ಸಾಲಾಗಿ ಹಾಕುತ್ತಾರಂತೆ. ಅದರ ಬೆಳಕು ಬಿದ್ದ ಕಡೆ ಪಾಚಿ, ಬೂಸ್ಟು ಬೆಳೆಯುವುದಿಲ್ಲವಂತೆ. "ಯೂವಿ ಲೈಟು" ಎಂದರು. ನನಗೆ ಹಿಗ್ಗೋ ಹಿಗ್ಗು. ನೇರಳಾತೀತ ಕಿರಣಗಳು, ಅವುಗಳ ಉಪಯೋಗ, ಅಪಾಯ ಎಂದು ವರ್ಷ ವರ್ಷ ಬೋರ್ಡಿನ ಮೇಲೆ ಬರೆದವನ ಮನೆಗೇ ಅವು ಬಂದಿದ್ದವು. ಅವ್ವನಿಗೆ ಅರ್ಧ ಗಂಟೆ ಪಾಠ ಮಾಡಿದೆ. ಭಾಯಿ ಮಾತ್ರ ಅವ್ವನಿಗೆ ಒಂದೇ ಮಾತು ಹೇಳಿದರು: "ಇದು ಉಬ್ಬಸಕ್ಕೆ ಔಷಧಿ ಅಲ್ಲ ಅವ್ವಾರೇ. ಇಲ್ಲಿ ಪಾಚಿ ಬೆಳೆಯೋದು ತಡೀತೈತೆ, ಅಷ್ಟೇ. ಡಾಕ್ಟರ್ ಕೊಟ್ಟಿದ್ದು ಬಿಡಬ್ಯಾಡ್ರಿ."

ಆ ಪುಟ್ಟ ಟ್ಯೂಬು ಹಾಕಲು ಅವರಿಗೆ ಎರಡು ದಿನ ಹಿಡಿಯಿತು. ಟ್ಯೂಬು ಸಿಕ್ಕಿಸಲು ಅರ್ಧ ಗಂಟೆ, ಅದನ್ನು ಮುಚ್ಚಲು ಉಳಿದದ್ದು. ಬೆಳಕು ಒಂದು ಎಳೆಯೂ ಹೊರಗೆ ಬರದಂತೆ ತಗಡು ಕತ್ತರಿಸಿ, ಮಡಿಸಿ, ಜಾಲರಿಯ ಒಳಮೈಗೆ ಅಡ್ಡ ಕಟ್ಟಿದರು. ಜಾಲರಿಗೆ ಒಂದು ಗುಂಡಿ ಸ್ವಿಚ್ಚು ಇಟ್ಟರು. "ಫ್ರಿಜ್ಜಿನದು ಬಾಗಿಲು ತೆಗೆದ್ರೆ ಲೈಟು ಹತ್ತುತ್ತೆ. ಇದು ಉಲ್ಟಾ. ಬಾಗಿಲು ತೆಗೆದ್ರೆ ಆರಿ ಹೋಗ್ಬೇಕು. ಈ ಬೆಳಕು ಪಾಚಿಗೆ ಹೆಂಗೋ ಕಣ್ಣಿಗೂ ಹಂಗೇ" ಎಂದರು. ತಾವು ಕೆಲಸ ಮಾಡುವಾಗ ಕಪ್ಪು ಕನ್ನಡಕ ಹಾಕಿಕೊಂಡಿದ್ದರು. ಒಳಗೆ ದೀಪ ಉರಿಯುತ್ತಿದೆ ಎಂದು ತಿಳಿಯಲು ಹೊರಗೊಂದು ಕೆಂಪು ಚುಕ್ಕಿ ಬಲ್ಬು ಕೂರಿಸಿದರು.

ಅವ್ವನ ಕೆಮ್ಮು ಇಳಿಯಿತು. ಮೂರು ತಿಂಗಳಾದ ಮೇಲೆ ತೆಗೆದು ನೋಡಿದರೆ ಪಟ್ಟಿಗಳು ತೊಳೆದಿಟ್ಟ ಬಾಚಣಿಗೆಯ ಹಾಗೆ ಇದ್ದವು. ಸುದ್ದಿ ಹರಡಿ ಊರಿನ ಇನ್ನೂ ಮೂರು ಮನೆಯವರು ಹಾಕಿಸಿಕೊಂಡರು. ಮಾವನಿಗೂ ಆಸೆಯಾಗಿ ಮೊಳಕಾಲ್ಮೂರಿನಿಂದ ಹೇಳಿ ಕಳಿಸಿದ. ಭಾಯಿ ಹೋಗಿ ಅಂಗಡಿ ನೋಡಿ, ಆಗಲ್ಲ ಎಂದು ಬಂದುಬಿಟ್ಟರು. ಮಾವನಿಗೆ ಸಿಟ್ಟು. ಯಾಕೆಂದು ಕೇಳಿದರೆ, "ಏಸಿ ಎದುರೇ ಸೀರೆ ಪೇರಿಸಿಟ್ಟವ್ರೆ. ನಾನು ಎಷ್ಟು ಮುಚ್ಚಿದ್ರೂ ನಾಳೆ ಯಾರೋ ತೆಗೀತಾರೆ, ಬಣ್ಣ ಹೋಗ್ತೈತೆ. ನೇಯ್ದೋನ ಮುಖ ನಾನೆಂಗೆ ನೋಡ್ಲಿ?" ಎಂದರು. ಬಂದ ಕೆಲಸ ಬೇಡವೆನ್ನುವ ಮೆಕ್ಯಾನಿಕನನ್ನು ಮಾವ ಅಲ್ಲಿಯ ತನಕ ಕಂಡಿರಲಿಲ್ಲ.

ಎಲ್ಲರಿಗೂ ಸಮಾಧಾನವಾಗಿದ್ದರೂ ಅವ್ವನಿಗೆ ಒಂದು ಕೊರಗು ಉಳಿದಿತ್ತು. ಮನೆಯಲ್ಲಿ ಹೊಸ ದೀಪ ಬಂದಿದೆ, ತನಗೆ ಒಳ್ಳೆಯದು ಮಾಡಿದೆ, ಆದರೆ ಕಾಣುವುದಿಲ್ಲ. ಸಂಜೆ ದೇವರ ದೀಪ ಹಚ್ಚಿ ಬಂದು ಆ ಕೆಂಪು ಚುಕ್ಕಿಗೆ ಕೈ ಮುಗಿಯುತ್ತಿದ್ದಳು. "ಕಾಣದಿರೋ ದೀಪ ಎಂಥದ್ದಪ್ಪ" ಎಂದು ಗೊಣಗುವುದೂ ಇತ್ತು.

ಆಯುಧಪೂಜೆ ಬಂತು. ಅವ್ವನ ಆಯುಧಪೂಜೆ ಎಂದರೆ ಸಣ್ಣ ಬಾಬತ್ತಲ್ಲ. ನನ್ನ ಸೈಕಲ್ಲು, ರುಬ್ಬುವ ಯಂತ್ರ, ಈಳಿಗೆಮಣೆ, ಕತ್ತರಿ, ತವರಿನ ಮಗ್ಗದಿಂದ ತಂದುಕೊಂಡಿದ್ದ ಹಳೇ ಲಾಳಿ, ಒಂದನ್ನೂ ಬಿಡುವಂತಿರಲಿಲ್ಲ. ಆ ವರ್ಷ ಏಸಿಯ ಸರದಿ ಬಂದಾಗ ಅವ್ವ, "ಹೊರಗಿನ ಡಬ್ಬಿಗೆ ಕುಂಕುಮ ಇಟ್ರೆ ಏನು ಬಂತು? ಕೆಲಸ ಮಾಡೋದು ಒಳಗಿಂದು. ತೆಗಿ" ಎಂದಳು. ಜಾಲರಿ ತೆಗೆದೆ. ದೀಪ ಆರಿತು. "ಹಚ್ಚು" ಎಂದಳು. ತೆಗೆದರೆ ಹತ್ತುವುದಿಲ್ಲ ಎಂದೆ. "ಹಚ್ಚದಿರೋ ದೀಪಕ್ಕೆ ಆರತಿ ಎತ್ತೋರುಂಟೇನೋ? ಅಪಶಕುನ. ವಿಜ್ಞಾನ ಓದಿದೋನು ಅಂತೀಯ, ಒಂದು ದೀಪ ಹಚ್ಚಾಕೆ ಬರಲ್ವಾ?"

ಆ ಕೊನೆಯ ಮಾತು ನನಗೆ ತಾಗಿತು. ಒಂದು ಬೆಂಕಿಕಡ್ಡಿ ಮುರಿದು ಆ ಗುಂಡಿ ಸ್ವಿಚ್ಚಿನ ಸಂದಿಗೆ ಸಿಕ್ಕಿಸಿದೆ. ದೀಪ ಹತ್ತಿತು. ತಿಳಿ ನೀಲಿ ಬೆಳಕು, ನೋಡಲು ಬಲು ಚೆಂದ. "ಈಶ್ವರನ ಕಂಠದಂಗೈತೆ" ಎಂದು ಅವ್ವ ಕೆನ್ನೆ ಬಡಿದುಕೊಂಡಳು. ಐದು ನಿಮಿಷ ತಾನೇ, ಏನಾಗುತ್ತದೆ ಎಂದುಕೊಂಡು ನಾನು ಶಾಲೆಯ ಪ್ರಯೋಗಾಲಯದ ಪೂಜೆಗೆ ಹೊರಟುಹೋದೆ. ಅವ್ವ ಮಣೆ ಎಳೆದು ಎದುರಿಗೇ ಕೂತಳು. ಕುಂಕುಮ, ಚೆಂಡುಹೂವು, ನೈವೇದ್ಯ, ಆಮೇಲೆ ತನಗೆ ಬರುವ ಆರತಿ ಹಾಡುಗಳೆಲ್ಲ ಪೂರ್ತಿ. ಮುಕ್ಕಾಲು ಗಂಟೆ ಆ ದೀಪವನ್ನೇ ನೋಡುತ್ತ ಹಾಡಿದಳಂತೆ. ನಾನು ವಾಪಸು ಬಂದು ಕಡ್ಡಿ ಕಿತ್ತು ಜಾಲರಿ ಮುಚ್ಚಿದೆ.

ಸಂಜೆಗೆ ಅವ್ವ, "ಕಣ್ಣಾಗೆ ಮರಳು ಹೊಯ್ದಂಗಾಗೈತೆ" ಎಂದಳು. ಮುಖ ಕೆಂಪಾಗಿತ್ತು. ಇನ್ನೊಂದು ಗಂಟೆಗೆ ರೆಪ್ಪೆ ತೆರೆಯಲು ಆಗಲಿಲ್ಲ. ನೀರು ಸುರಿಯುತ್ತಿತ್ತು, ನೋವಿಗೆ ನರಳುತ್ತಿದ್ದಳು. ಅವ್ವನ ಕಣ್ಣು ಅಂದರೆ ಸಾಮಾನ್ಯ ಕಣ್ಣಲ್ಲ. ಮಾವನ ಅಂಗಡಿಯ ಸೀರೆಗಳು ಕುಚ್ಚು ಕಟ್ಟಲು ಅವಳಿಗೇ ಬರುತ್ತಿದ್ದವು. ಅಂಚಿನಲ್ಲಿ ಒಂದು ಎಳೆ ತಪ್ಪಿದ್ದರೂ ಮಡಿಕೆ ಬಿಚ್ಚುವ ಮೊದಲೇ ಹಿಡಿಯುತ್ತಿದ್ದಳು. ಭಾಯಿಗೆ ಫೋನು ಮಾಡಿದೆ.

ಹತ್ತು ನಿಮಿಷಕ್ಕೆ ಲೂನಾದಲ್ಲಿ ಬಂದರು. ಬಂದವರೇ ಏಸಿಯ ತಂತಿ ಕಿತ್ತು ಹಾಕಿ, "ಬಾಗಿಲು ತೆಗೆದಿದ್ರಾ ಮೇಷ್ಟ್ರೇ?" ಎಂದು ಕೇಳಿದರು.

"ಇಲ್ಲ ಭಾಯಿ" ಎಂದೆ.

ನೇರಳಾತೀತ ಕಿರಣಗಳ ಅಪಾಯಗಳನ್ನು ಬರೆಯಿರಿ ಎಂದು ಮಕ್ಕಳಿಗೆ ಪ್ರಶ್ನೆ ಕೊಡುತ್ತಿದ್ದವನಿಗೆ ಬೆಂಕಿಕಡ್ಡಿ ಸಿಕ್ಕಿಸಿದೆ ಎಂದು ಹೇಳಲು ನಾಚಿಕೆಯಾಯಿತು. ಹೆಂಡತಿ ನನ್ನ ಮುಖ ನೋಡಿದಳು. ನಾನು ಬೇರೆ ಕಡೆ ನೋಡಿದೆ.

ಆಟೋ ತಂದವರು ಭಾಯಿ. ಅವ್ವನನ್ನು ಕೈ ಹಿಡಿದು ಹತ್ತಿಸಿದವರೂ ಅವರೇ. ಕಣ್ಣಿನ ಡಾಕ್ಟರು ದೀಪ ಬಿಟ್ಟು ನೋಡಿ, "ಇವರ ಹತ್ತಿರ ಯಾರಾದ್ರೂ ವೆಲ್ಡಿಂಗ್ ಮಾಡಿದ್ರಾ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಭಾಯಿ, "ಇಲ್ಲ ಸಾರ್. ನಾನು ಹಾಕಿದ ಯೂವಿ ಲೈಟು. ಎಲ್ಲೋ ಸೋರೈತೆ. ನನ್ನ ತಪ್ಪು" ಎಂದುಬಿಟ್ಟರು. ಆ ಗಳಿಗೆಯಲ್ಲಿ ಹೇಳಬಹುದಿತ್ತು. ಡಾಕ್ಟರು ಕಣ್ಣಿನ ಮೇಲ್ಪದರ ಬಿಸಿಲಿಗೆ ಚರ್ಮ ಸುಲಿದಂತೆ ಸುಲಿದಿದೆ, ಮತ್ತೆ ಬರುತ್ತದೆ, ಎರಡು ಮೂರು ದಿನ ಕಟ್ಟಿಡಬೇಕು ಎಂದು ಹನಿ ಔಷಧಿ ಹಾಕಿ ಪಟ್ಟಿ ಕಟ್ಟಿದರು. ಬರದಿದ್ದರೆ ಎಂದು ನಾನು ಕೇಳಲಿಲ್ಲ, ಕೇಳಲು ಧೈರ್ಯ ಇರಲಿಲ್ಲ.

ಆ ಮೂರು ದಿನ ಭಾಯಿ ಬೆಳಿಗ್ಗೆ ಸಂಜೆ ಬಂದರು. ಒಳಗೆ ಕಾಲಿಡುತ್ತಿರಲಿಲ್ಲ. ಬಾಗಿಲಲ್ಲೇ ನಿಂತು ನನ್ನ ಹೆಂಡತಿಯನ್ನು, "ಅವ್ವಾರು ಹೆಂಗವ್ರೆ?" ಎಂದು ಕೇಳಿ ಹೊರಟುಬಿಡುತ್ತಿದ್ದರು. ಅವರ ಲೂನಾದ ಸದ್ದು ಕೇಳಿದರೆ ನಾನು ಹಿತ್ತಲಿಗೆ ಹೋಗುತ್ತಿದ್ದೆ. "ಸುಳ್ಳು ಹೇಳಬ್ಯಾಡ್ರಿ ಅಂತ ಮಕ್ಕಳಿಗೆ ಯಾವ ಬಾಯಾಗೆ ಹೇಳ್ತೀರಿ?" ಎಂದು ಹೆಂಡತಿ ಒಂದೇ ಸಲ ಕೇಳಿದಳು. ಎರಡನೆಯ ಸಲ ಕೇಳುವವಳಲ್ಲ ಅವಳು.

ಮೂರನೆಯ ದಿನ ಡಾಕ್ಟರು ಪಟ್ಟಿ ಬಿಚ್ಚಿದರು. ಅವ್ವ ನಿಧಾನಕ್ಕೆ ಕಣ್ಣು ತೆರೆದು ಅತ್ತಿತ್ತ ನೋಡಿದಳು. ಅವ್ವ ಸೊಸೆಯನ್ನು ಮೇಲಿಂದ ಕೆಳಗೆ ನೋಡಿ, "ಇದೇನೇ, ಪೆಟ್ಟಿಗೆಯಾಗಿನ ಹೊಸ ಸೀರೆ ಉಟ್ಕೊಂಡು ಆಸ್ಪತ್ರೆಗೆ ಬಂದೀಯಾ? ಸೆರಗಿನ ಹತ್ರ ಕುಚ್ಚು ಬೇರೆ ಬಿಚ್ಚೈತೆ" ಎಂದಳು. ನನ್ನ ಹೆಂಡತಿ ಅಳುತ್ತ ನಕ್ಕಳು. ನಾನು ಪಕ್ಕದ ಸ್ಟೂಲಿನ ಮೇಲೆ ಕೂತುಬಿಟ್ಟೆ. ಜನ್ಮದಲ್ಲಿ ಸೊಸೆಯನ್ನು ಬೈದದ್ದು ಅಷ್ಟು ಇಂಪಾಗಿ ಕೇಳಿಸಿದ್ದಿಲ್ಲ.

ಅಷ್ಟಕ್ಕೇ ಮುಗಿಯಿತು ಎಂದುಕೊಂಡೆ. ಕಣ್ಣು ಬಂತಲ್ಲ, ಇನ್ನು ಯಾರು ಏನು ಕೇಳುತ್ತಾರೆ. ಆದರೆ ಎರಡು ದಿನ ಬಿಟ್ಟು ಅವ್ವ ಊಟಕ್ಕೆ ಕೂತಾಗ, "ಕಡ್ಡಿ ಸಿಕ್ಕಿಸಿದ್ದು ಸಾಬ್ರಿಗೆ ಹೇಳಿದ್ಯಲ್ಲ? ಪಾಪ, ಎಷ್ಟು ಹೆದರಿದ್ರೋ" ಎಂದಳು. ಹೇಳಿಯೇ ಇರುತ್ತೇನೆ ಎಂದು ಅವಳ ನಂಬಿಕೆ. ತಟ್ಟೆಯಲ್ಲೇ ಕೈ ತೊಳೆದು ಅಂಗಡಿ ಕಡೆ ಹೊರಟೆ.

ಓಣಿಯ ತಿರುವಿನಲ್ಲೇ ಟೀ ಅಂಗಡಿಯವನು ಹಿಡಿದ. "ಎಲ್ಲಿ ಹೋಗಿದ್ರಿ ಮೇಷ್ಟ್ರೇ? ಸ್ವಲ್ಪ ಸಾಬ್ರಿಗೆ ಬುದ್ಧಿ ಹೇಳ್ರಿ. ಬಂದ ಕೆಲಸ ಮುಟ್ತಿಲ್ಲ. ಆ ಮೂರು ಮನೇಗೆ ಹೋಗಿ, ನನ್ನ ಕೆಲಸದಾಗೆ ತಪ್ಪೈತೆ, ಒಬ್ಬ ತಾಯಿ ಕಣ್ಣಿಗೆ ಪೆಟ್ಟಾತು ಅಂತ ತಾವೇ ಹೇಳಿ ಲೈಟು ಕಿತ್ಕೊಂಡು ಬಂದವ್ರೆ. ಈಗ ಜನ ಫ್ರಿಜ್ಜು ಕೂಡ ಇವ್ರತ್ರ ತರಾಕೆ ಹೆದರ್ತಾರೆ. ಇವ್ರು ನೋಡಿದ್ರೆ ದಿನಾ ಆ ಡಬ್ಬಿ ಮುಂದೆ ಕೂತಿರ್ತಾರೆ."

ಒಳಗೆ ಹೋದೆ. ಭಾಯಿ ನಮ್ಮ ಮನೆಯದರಂಥದ್ದೇ ಒಂದು ಏಸಿಯನ್ನು ಮೇಜಿನ ಮೇಲಿಟ್ಟಿದ್ದರು. ಅವತ್ತು ರಾತ್ರಿಯೇ ನಮ್ಮ ಮನೆಯಿಂದ ಬಿಚ್ಚಿ ತಂದಿದ್ದ ಟ್ಯೂಬು, ಅದೇ ತಗಡು, ಅದೇ ಸ್ವಿಚ್ಚು, ಜಾಲರಿ ಮುಚ್ಚಿತ್ತು, ಕೆಂಪು ಚುಕ್ಕಿ ಹತ್ತಿತ್ತು. ಅವರು ಎದುರಿಗೆ ಒಂದು ಸ್ಟೂಲು ಹಾಕಿಕೊಂಡು ಕೂತು ಆ ಮುಚ್ಚಿದ ಜಾಲರಿಯನ್ನೇ ನೋಡುತ್ತಿದ್ದರು. ಕಪ್ಪು ಕನ್ನಡಕ ಪಕ್ಕದಲ್ಲಿ ಮಡಿಸಿಟ್ಟಿತ್ತು.

"ಏನು ಮಾಡ್ತಿದ್ದೀರಿ ಭಾಯಿ?"

"ಎಲ್ಲಿ ಸೋರ್ತೈತೆ ಅಂತ ಗೊತ್ತಾಗ್ತಿಲ್ಲ ಮೇಷ್ಟ್ರೇ. ತಗಡಿನಾಗೆ ಸೂಜಿಯಷ್ಟು ತೂತಿಲ್ಲ. ಅವ್ವಾರ ಕಣ್ಣಿಗೆ ತಾಗಿದ್ದು ನನ್ನ ಕಣ್ಣಿಗೂ ತಾಗಬೇಕಲ್ಲ. ನಾಲ್ಕು ದಿನದಿಂದ ಕೂತೀನಿ. ತಾಗ್ತಿಲ್ಲ."

ಕಣ್ಣು ಹೋದರೆ ಏನು ಮಾಡುವಿರಿ ಎಂದು ಕೇಳಬೇಕೆಂದುಕೊಂಡೆ. ಬಾಯಿಂದ ಬಂದದ್ದು ಬೇರೆ. "ಭಾಯಿ, ಬಾಗಿಲು ತೆಗೆದಿದ್ದೆ. ಸ್ವಿಚ್ಚಿಗೆ ಬೆಂಕಿಕಡ್ಡಿ ಸಿಕ್ಕಿಸಿದ್ದೆ. ಅವ್ವ ದೀಪ ಹಚ್ಚಿಸಿ ಪೂಜೆ ಮಾಡಿದಳು. ನಿಮ್ಮ ಹತ್ರ ಸುಳ್ಳು ಹೇಳಿದೆ."

ಅವರು ನನ್ನ ಕಡೆ ತಿರುಗಿದರು. ಬೈಯುತ್ತಾರೆ ಎಂದು ಕಾದೆ. ಎದ್ದು ಕತ್ತಿನ ಪಟ್ಟಿ ಹಿಡಿದರೂ ಸರಿ ಎಂದುಕೊಂಡಿದ್ದೆ.

"ಎಷ್ಟೊತ್ತು?"

"ಮುಕ್ಕಾಲು ಗಂಟೆ."

"ಎಷ್ಟು ದೂರ ಕೂತಿದ್ರು?"

ಮಣೆ ಎಲ್ಲಿತ್ತೆಂದು ಕೈಯಲ್ಲಿ ತೋರಿಸಿದೆ. ಅವರು ಒಂದು ಸಲ ಆ ದೂರವನ್ನು ನೋಡಿದರು, ಒಂದು ಸಲ ಡಬ್ಬಿಯನ್ನು ನೋಡಿದರು. "ಹಂಗಾದ್ರೆ ಡಬ್ಬಿ ಸರಿ ಐತೆ" ಎಂದರು. ಮತ್ತೊಮ್ಮೆ, "ಡಬ್ಬಿ ಸರಿ ಐತೆ" ಎಂದರು. ಹೊರಗೆ ಹೋಗಿ ನಲ್ಲಿಯಲ್ಲಿ ಮುಖ ತೊಳೆದರು, ತುಂಬ ಹೊತ್ತು ತೊಳೆದರು. ಬಂದು ಸ್ಟೂಲಿನ ಮೇಲೆ ಕೂತು ನಗಲು ಶುರುಮಾಡಿದರು. ನಗುವಿನ ನಡುವೆ ಒಂದೆರಡು ಸಲ ಕಣ್ಣೊರೆಸಿಕೊಂಡರು. "ನಮಾಜಿಗೆ ನಿಂತ್ರೂ ಅವ್ವಾರ ಕಣ್ಣೇ ಎದುರಿಗೆ ಬರ್ತಿತ್ತು ಮೇಷ್ಟ್ರೇ. ಈಗ ಎದೆ ಮೇಲಿಂದು ಇಳೀತು. ನೀವು ಬಂದು ಹೇಳಿದ್ರಲ್ಲ, ನಿಮಗೆ ಪುಣ್ಯ ಬರ್ಲಿ."

ಪುಣ್ಯ ಎಂಬ ಮಾತು ಕೇಳಿ ನನಗೆ ನೆಲ ಬಿರಿಯಬಾರದೇ ಅನಿಸಿತು. ಕ್ಷಮಿಸಿ ಎಂದೆ. ಅವರು ಆಗಲೇ ಜಾಲರಿ ಬಿಚ್ಚಿ, ಕನ್ನಡಕ ಏರಿಸಿ, ಸ್ವಿಚ್ಚಿನ ಸಂದಿಗೆ ತಾವೇ ಒಂದು ಕಡ್ಡಿ ತೂರಿಸಿ ನೋಡುತ್ತಿದ್ದರು. "ಬೆಂಕಿಕಡ್ಡಿ ಹೋಗೋವಷ್ಟು ಜಾಗ ಬಿಟ್ಟಿದ್ದು ನಾನೇ ಅಲ್ವಾ. ಮನೆ ಅಂದ್ಮೇಲೆ ಪೂಜೆ ಮಾಡೋರು ಇರ್ತಾರೆ, ಮಕ್ಕಳು ಇರ್ತಾರೆ, ಮೇಷ್ಟ್ರೂ ಇರ್ತಾರೆ. ಈ ಸ್ವಿಚ್ಚು ಹಿಂದಕ್ಕೆ ಹೋಗ್ಬೇಕು, ಕೈ ಸಿಗದಂಗೆ" ಎಂದರು.

ನಾನು ಬಿಡಲಿಲ್ಲ. ಆ ಮೂರು ಮನೆಗಳಿಗೂ ಈಗಲೇ ಹೋಗೋಣ, ನಡೆದದ್ದನ್ನು ನಾನೇ ಹೇಳುತ್ತೇನೆ ಎಂದೆ. ಬೇಡ ಬಿಡ್ರಿ, ಮೇಷ್ಟ್ರ ಮರ್ಯಾದೆ ಎಂದರು. ಕೊನೆಗೆ ಲೂನಾದ ಹಿಂದೆ ನಾನು ಕೂತ ಮೇಲೆ ಹೊರಡದೆ ವಿಧಿಯಿರಲಿಲ್ಲ.

ಮೊದಲು ವಕೀಲರ ಮನೆ, ಆಮೇಲೆ ಎಣ್ಣೆ ಮಿಲ್ಲಿನವರ ಮನೆ. ಎರಡೂ ಕಡೆ ಭಾಯಿ ನನಗಿಂತ ಮೊದಲು ಬಾಯಿ ತೆರೆದರು: "ಅವ್ವಾರ ಕಣ್ಣು ಸರಿ ಹೋತ್ರಿ. ಮೊದಲಿನಂಗೇ ಕುಚ್ಚು ಕಟ್ತಾವ್ರೆ." ಅಷ್ಟು ಹೇಳಿ, ಬಂದ ಕೆಲಸ ಆಯಿತೆಂಬಂತೆ ಎದ್ದು ನಿಲ್ಲುತ್ತಿದ್ದರು. ನಾನು ಅವರ ತೋಳು ಹಿಡಿದು ಕೂರಿಸಿ, ತಪ್ಪು ಯಾರದೆಂದು ಹೇಳಬೇಕಾಯಿತು. ನಾನು ಹೇಳುವಾಗ ಅವರು ನೆಲ ನೋಡುತ್ತಿದ್ದರು, ತಪ್ಪು ಮಾಡಿದವರು ತಾವೇ ಎಂಬ ಹಾಗೆ. ವಕೀಲರು ನಕ್ಕರು, ಮಿಲ್ಲಿನವರು ನನ್ನನ್ನು ಒಂದು ಥರಾ ನೋಡಿದರು. ಎರಡನ್ನೂ ನುಂಗಿಕೊಂಡೆ. ಒಂದೊಂದು ಮನೆಯಿಂದ ಹೊರಬೀಳುವಾಗಲೂ ಮೈ ಹಗುರಾಗುತ್ತಿತ್ತು.

ಮೂರನೆಯದು ನನ್ನಿವಾಳದ ಕಡೆ ಜಮೀನಿರುವ ಯಜಮಾನರ ಮನೆ. ಖಡಕ್ ಮನುಷ್ಯ. ಪೂರ್ತಿ ಕೇಳಿಕೊಂಡು, ನನ್ನನ್ನು ಬಿಟ್ಟು ಭಾಯಿ ಕಡೆ ತಿರುಗಿದರು. "ಅಲ್ರಿ ಸಾಬ್ರೇ, ತಪ್ಪು ಯಾರ್ದು ಅಂತ ಗೊತ್ತಾಗೋಕೆ ಮೊದ್ಲೇ ಮನೆ ಮನೇಗೆ ಬಂದು ನನ್ ತಪ್ಪು ಅಂತ ಹೇಳಿ ಹೆಸರು ಕೆಡಿಸ್ಕೊಂಡ್ರಲ್ಲ. ಗೊತ್ತಾಗೋ ತನಕ ಕಾಯಬಹುದಿತ್ತಲ್ಲ?"

ಭಾಯಿಗೆ ಆ ಪ್ರಶ್ನೆಯೇ ಅರ್ಥವಾದಂತೆ ಕಾಣಲಿಲ್ಲ.

"ಗೊತ್ತಾಗೋ ತನಕ ನಿಮ್ಮ ಮನೇಲಿ ಲೈಟು ಉರೀತಿತ್ತಲ್ರಿ" ಎಂದರು.

ಯಜಮಾನರು ಒಳಗೆ ಕೂಗಿ ಮೂರು ಲೋಟ ಮಜ್ಜಿಗೆ ತರಿಸಿ, ಮೊದಲನೆಯದನ್ನು ತಾವೇ ಎತ್ತಿ ಭಾಯಿ ಕೈಗೆ ಕೊಟ್ಟರು. ಭಾಯಿ ಕುಡಿದು, ಲೋಟ ಕೆಳಗಿಟ್ಟು, ಚಪ್ಪಲಿ ಮೆಟ್ಟಿಕೊಳ್ಳುತ್ತ ಹೇಳಿದರು: "ನಾಳೆ ಬೆಳಿಗ್ಗೆ ಬಂದು ಹಾಕ್ತೀನಿ."